ಪೆಲೆಟ್ ಸ್ಟೌವ್‌ಗೆ ಹೊರಗಿನ ಗಾಳಿ: ಸರಿಯಾದ ಪೈಪ್ ಹುಡುಕಿ ಜೋಡಿಸುವ ಬಗೆ, ಹಂತ ಹಂತವಾಗಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮೇನ್, ವರ್ಮಾಂಟ್ ಕಡೆ ಹಳೇ ಮನೆ ಕೊಂಡ ನಮ್ಮವರು ಮೊದಲ ಚಳಿಗಾಲ ಹತ್ತಿರ ಬರುತ್ತಿದ್ದಂತೆ ಕೇಳುವ ಪ್ರಶ್ನೆಯೊಂದಿದೆ. "ಹಿಂದಿನ ಮಾಲೀಕರು ಪೆಲೆಟ್ ಸ್ಟೌವ್ ಬಿಟ್ಟುಹೋಗಿದ್ದಾರೆ. ಅದರ ಬೆನ್ನಲ್ಲಿ ಎರಡು ಬಾಯಿಗಳಿವೆ. ದೊಡ್ಡದಕ್ಕೆ ಹೊಗೆ ಪೈಪ್ ಹಾಕಿದ್ದಾರೆ, ಚಿಕ್ಕದನ್ನು ಹಾಗೇ ಬಿಟ್ಟಿದ್ದಾರೆ. ಅದಕ್ಕೇನು ಹಾಕಬೇಕು? ಅಂಗಡಿಯಲ್ಲಿ ಕೇಳಿದರೆ ಆ ಅಳತೆಯ ಪೈಪೇ ಇಲ್ಲ ಅನ್ನುತ್ತಾರಲ್ಲ!"

ಆ ಚಿಕ್ಕ ಬಾಯಿ ಬೆಂಕಿಗೆ ಗಾಳಿ ಹೋಗುವ ದಾರಿ. ಅದಕ್ಕೆ ಮನೆಯ ಹೊರಗಿಂದ ಒಂದು ಪೈಪ್ ತಂದು ಕೂರಿಸುವುದು ಎರಡು ಕೈ, ಒಂದು ರಜಾದಿನ ಇದ್ದರೆ ಆಗುವ ಕೆಲಸ. ಕಷ್ಟವಿರುವುದು ಜೋಡಿಸುವುದರಲ್ಲಲ್ಲ, ಸರಿಯಾದ ಪೈಪ್ ಹುಡುಕುವುದರಲ್ಲಿ. ಹಾಗಾಗಿ ಈ ಬರಹದ ಹೆಚ್ಚು ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು, ಈ ಪೈಪ್ ಯಾಕೆ ಬೇಕು

ಪೆಲೆಟ್ ಎಂದರೆ ಮರದ ಹೊಟ್ಟನ್ನು ಭಾರಿ ಒತ್ತಡದಲ್ಲಿ ಅದುಮಿ ಮಾಡಿದ, ಕಾಲು ಇಂಚು ದಪ್ಪದ ಗುಳಿಗೆ. 40 ಪೌಂಡಿನ, ಅಂದರೆ 18 ಕಿಲೋ ತೂಕದ ಚೀಲಗಳಲ್ಲಿ ಸಿಗುತ್ತದೆ. ಸ್ಟೌವ್‌ನೊಳಗೆ ಮೋಟರಿನಿಂದ ತಿರುಗುವ ಒಂದು ತಿರುಪು ಈ ಗುಳಿಗೆಗಳನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಚಿಕ್ಕ ಬಾಯಿಯಿಂದ ಗಾಳಿ ನುಗ್ಗಿ ಬಂದು ಬೆಂಕಿಯನ್ನು ಉರಿಸುತ್ತದೆ. ಕೋಣೆಗೆ ಬಿಸಿಗಾಳಿ ಊದುವ ಫ್ಯಾನ್ ಬೇರೆಯೇ ಇದೆ. ಅದು ಕೋಣೆಯ ಗಾಳಿಯನ್ನೇ ತೆಗೆದುಕೊಂಡು, ಕಾಯಿಸಿ, ಕೋಣೆಗೇ ವಾಪಸ್ ಕೊಡುತ್ತದೆ. ಹೊಗೆಯ ಜೊತೆ ಹೊರಗೆ ಹೋಗುವ ಗಾಳಿ ಮಾತ್ರ ಹೋಗಿಯೇಬಿಡುತ್ತದೆ.

ಎಷ್ಟು ಗಾಳಿ? ಒಂದು ಕಿಲೋ ಒಣ ಮರ ಪೂರ್ತಿ ಉರಿಯಲು ಕನಿಷ್ಠ ಸುಮಾರು 6 ಕಿಲೋ ಗಾಳಿ ಬೇಕು. ಅಂದರೆ ಸುಮಾರು 5 ಘನ ಮೀಟರ್. ದಿನಕ್ಕೊಂದು ಚೀಲ ಉರಿಸಿದರೆ 90 ಘನ ಮೀಟರ್ ಆಯಿತು. ಇದು ಲೆಕ್ಕದ ಕನಿಷ್ಠ ಮಾತ್ರ. ನಿಜವಾದ ಸ್ಟೌವ್ ಚೊಕ್ಕವಾಗಿ ಉರಿಯಲು ಇದರ ಎರಡು ಮೂರು ಪಟ್ಟು ಎಳೆದುಕೊಳ್ಳುತ್ತದೆ. 12 ಅಡಿ ಅಗಲ, 14 ಅಡಿ ಉದ್ದ, 8 ಅಡಿ ಎತ್ತರದ ಒಂದು ಕೋಣೆಯಲ್ಲಿರುವ ಗಾಳಿ 38 ಘನ ಮೀಟರ್. ಹೊರಗಿಂದ ಪೈಪ್ ಇಲ್ಲದಿದ್ದರೆ ಅಂಥ ಹಲವು ಕೋಣೆಗಳ ಬೆಚ್ಚನೆಯ ಗಾಳಿಯನ್ನು ಸ್ಟೌವ್ ದಿನಾ ಹೊರಗೆ ಚೆಲ್ಲುತ್ತದೆ. ಅಷ್ಟೇ ಗಾಳಿ ಕಿಟಕಿ ಸಂದಿ, ಬಾಗಿಲಡಿ, ಪ್ಲಗ್ ಪಾಯಿಂಟ್‌ಗಳ ತೂತುಗಳಿಂದ ತಣ್ಣಗೆ ಒಳಗೆ ಬರುತ್ತದೆ. ಸ್ಟೌವ್ ಇರುವ ಕೋಣೆ ಬೆಚ್ಚಗಿದ್ದು ಮೂಲೆಯ ಮಲಗುವ ಕೋಣೆ ಕೊರೆಯುವುದಕ್ಕೆ ಒಂದು ಕಾರಣ ಇದು.

ಮಲೆನಾಡಿನ ಬಚ್ಚಲ ಒಲೆಗೆ ಯಾರೂ ಗಾಳಿ ಪೈಪ್ ಹಾಕಲಿಲ್ಲ. ಹೆಂಚಿನ ಸಂದಿಯಿಂದಲೇ ಮನೆ ಉಸಿರಾಡುತ್ತಿತ್ತು. ಇಲ್ಲಿನ ಮನೆಗಳು ಹಾಗಲ್ಲ. ಗೋಡೆಯೊಳಗೆ ನಿರೋಧಕ, ಮೇಲೆ ಪ್ಲಾಸ್ಟಿಕ್ ಹಾಳೆ, ಎರಡು ಮೂರು ಪದರದ ಗಾಜು. ಇತ್ತೀಚೆಗೆ ಕಟ್ಟಿದ ಮನೆಯಾದರೆ ಸಂದಿಯೇ ಇರುವುದಿಲ್ಲ. ಅಂಥಲ್ಲಿ ಫ್ಯಾನ್ ಗಾಳಿಯನ್ನು ಹೊರಗೆಳೆದರೆ ಮನೆಯೊಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಮನೆ ಗಾಳಿಯನ್ನು ಎಲ್ಲಿಂದ ಸಿಕ್ಕಿದರೂ ಎಳೆಯುತ್ತದೆ. ಚಿಮಣಿಗೆ ಸಹಜ ಎಳೆತದಿಂದಲೇ ಹೊಗೆ ಬಿಡುವ ಗ್ಯಾಸ್ ವಾಟರ್ ಹೀಟರ್ ನೆಲಮಾಳಿಗೆಯಲ್ಲಿದ್ದರೆ ಅದರ ಕಾರ್ಬನ್ ಮಾನಾಕ್ಸೈಡ್ ವಾಪಸ್ ಮನೆಯೊಳಗೆ ಬರಬಹುದು. ನ್ಯೂ ಹ್ಯಾಂಪ್‌ಶೈರ್‌ನಂಥ ಗ್ರಾನೈಟ್ ನೆಲದ ರಾಜ್ಯದಲ್ಲಿ ಮಣ್ಣಿನೊಳಗಿನ ರೇಡಾನ್ ಅನಿಲವೂ ಹೆಚ್ಚಾಗಿ ಮೇಲೇಳುತ್ತದೆ.

ನಮ್ಮ ಅಡುಗೆಮನೆಗೂ ಇದಕ್ಕೂ ನೇರ ಸಂಬಂಧವಿದೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹೋಗಲೆಂದು ಒಲೆಯ ಮೇಲಿನ ಹುಡ್ ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸುತ್ತೇವೆ. ಅದು ನಿಮಿಷಕ್ಕೆ 300 ಘನ ಅಡಿ ಗಾಳಿಯನ್ನು ಸುಲಭವಾಗಿ ಹೊರಹಾಕುತ್ತದೆ. 400 ದಾಟುವ ಹುಡ್‌ಗೆ ಬದಲಿ ಗಾಳಿಯ ಏರ್ಪಾಡು ಇರಬೇಕೆಂದು ಇಲ್ಲಿನ ವಸತಿ ಕಟ್ಟಡ ಸಂಹಿತೆ ಸಾಮಾನ್ಯವಾಗಿ ಕೇಳುತ್ತದೆ. ಅದೇ ಹೊತ್ತಿಗೆ ಬಟ್ಟೆ ಒಣಗಿಸುವ ಡ್ರೈಯರ್, ಬಾತ್‌ರೂಮ್ ಫ್ಯಾನ್ ಎರಡೂ ಓಡುತ್ತಿದ್ದರೆ ಪೆಲೆಟ್ ಸ್ಟೌವ್‌ನ ಪುಟ್ಟ ಫ್ಯಾನ್ ಸೋಲುತ್ತದೆ. ಜ್ವಾಲೆ ಮಂಕಾಗುತ್ತದೆ, ಹೊಗೆ ವಾಸನೆ ಬರುತ್ತದೆ.

ನಿಮ್ಮ ಮನೆಯಲ್ಲಿ ಈ ತೊಂದರೆ ಇದೆಯೇ ಎಂದು ನೋಡಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಸ್ಟೌವ್ ಉರಿಯುತ್ತಿರುವಾಗ ಜ್ವಾಲೆಯನ್ನು ಗಮನಿಸಿ. ಚೆನ್ನಾಗಿ ಗಾಳಿ ಸಿಗುವ ಜ್ವಾಲೆ ಗಿಡ್ಡವಾಗಿ, ಬಿಳಿ ಹಳದಿಯಾಗಿ, ಚುರುಕಾಗಿ ಕುಣಿಯುತ್ತದೆ. ಗಾಳಿ ಸಾಲದ್ದು ಉದ್ದಕ್ಕೆ, ಕಿತ್ತಳೆ ಬಣ್ಣದಲ್ಲಿ, ತುದಿಯಲ್ಲಿ ಕಪ್ಪು ಹೊಗೆಯ ಎಳೆ ಬಿಡುತ್ತಾ ಸೋಮಾರಿಯಾಗಿ ತೂಗುತ್ತದೆ. ಗಾಜಿಗೆ ಮಸಿ ಬೇಗ ಹಿಡಿಯುತ್ತದೆ. ಈಗ ಅದೇ ಕೋಣೆಯ ಕಿಟಕಿಯನ್ನು ಎರಡು ಇಂಚು ತೆರೆಯಿರಿ. ಕೆಲವು ನಿಮಿಷದಲ್ಲಿ ಜ್ವಾಲೆ ಚುರುಕಾದರೆ ಮನೆಯೊಳಗೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಏನೂ ಬದಲಾಗದಿದ್ದರೆ ಸ್ಟೌವ್‌ನ ಬೂದಿ, ಹೊಗೆ ಪೈಪ್, ಬಾಗಿಲ ಗ್ಯಾಸ್ಕೆಟ್ ಇವುಗಳನ್ನು ಮೊದಲು ಶುಚಿ ಮಾಡಿ ನೋಡಿ.

ಹಳೇ ಮನೆ, ಸಂದಿಗಳು ಬೇಕಾದಷ್ಟಿವೆ, ನನಗೆ ಪೈಪ್ ಬೇಡ ಅನ್ನುವವರು ಇದ್ದಾರೆ. ಸ್ಟೌವ್ ಉರಿಯುವ ಮಟ್ಟಿಗೆ ಅವರ ಮಾತು ನಿಜ. ಆದರೂ ಹಾಕಿಸಿ ಎನ್ನುವುದೇ ನನ್ನ ಸಲಹೆ. ಕಾಸು ಕೊಟ್ಟು ಕಾಯಿಸಿದ ಗಾಳಿಯನ್ನು ಹೊಗೆ ಪೈಪ್‌ಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಕಾರ್ಖಾನೆಯಲ್ಲೇ ಕಟ್ಟಿ ತಂದು ಇಳಿಸುವ ಮೊಬೈಲ್ ಹೋಮ್‌ಗಳಲ್ಲಂತೂ ಆಯ್ಕೆಯೇ ಇಲ್ಲ, ಕೇಂದ್ರ ಸರ್ಕಾರದ ನಿಯಮವೇ ಹೊರಗಿನ ಗಾಳಿಯನ್ನು ಕಡ್ಡಾಯ ಮಾಡಿದೆ. ವಾಷಿಂಗ್ಟನ್ ರಾಜ್ಯದ ಕಟ್ಟಡ ನಿಯಮವೂ ಹಾಗೇ ಹೇಳುತ್ತದೆ.

ಹಂತ 1: ಕೈಪಿಡಿ ಓದಿ, ಪುರಸಭೆಗೆ ಫೋನ್ ಮಾಡಿ

ಸ್ಟೌವ್‌ನ ಬೆನ್ನಲ್ಲೋ ಪೆಲೆಟ್ ತುಂಬುವ ಪೆಟ್ಟಿಗೆಯ ಮುಚ್ಚಳದ ಒಳಗಡೆಯೋ ಲೋಹದ ಒಂದು ಲೇಬಲ್ ಅಂಟಿಸಿರುತ್ತಾರೆ. ತಯಾರಕರ ಹೆಸರು, ಮಾಡೆಲ್, ಕ್ರಮಸಂಖ್ಯೆ, ಯಾವ ಮಾನದಂಡಕ್ಕೆ ಪರೀಕ್ಷೆಯಾಗಿದೆ ಎಂಬುದೆಲ್ಲ ಅದರ ಮೇಲಿದೆ. ಪೆಲೆಟ್ ಸ್ಟೌವ್‌ಗಳಲ್ಲಿ ಸಾಮಾನ್ಯವಾಗಿ ಎಎಸ್‌ಟಿಎಂ ಇ1509 ಎಂದು ಬರೆದಿರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮಾಡೆಲ್ ಹೆಸರು ಹಾಕಿ ಹುಡುಕಿದರೆ ಹಳೇ ಸ್ಟೌವ್‌ಗೂ ಕೈಪಿಡಿ ಸಿಗುತ್ತದೆ.

ಕೈಪಿಡಿಯಲ್ಲಿ ಮೂರು ವಿಷಯ ಹುಡುಕಿ. ಗಾಳಿ ಬಾಯಿಯ ಅಳತೆ, ಎಷ್ಟು ಅಡಿ ಮತ್ತು ಎಷ್ಟು ತಿರುವಿನವರೆಗೆ ಪೈಪ್ ಎಳೆಯಬಹುದು ಎಂಬ ಮಿತಿ, ಆ ಮಾಡೆಲ್‌ಗೆಂದೇ ಮಾರುವ ಹೊರಗಾಳಿ ಕಿಟ್‌ನ ಪಾರ್ಟ್ ನಂಬರ್. ಈ ಬರಹದಲ್ಲಿ ಹೇಳಿರುವುದಕ್ಕೂ ಕೈಪಿಡಿಗೂ ವ್ಯತ್ಯಾಸ ಬಂದರೆ ಕೈಪಿಡಿಯದ್ದನ್ನೇ ಪಾಲಿಸಿ.

ಆಮೇಲೆ ನಿಮ್ಮ ಊರಿನ ಬಿಲ್ಡಿಂಗ್ ಇಲಾಖೆಗೆ ಒಂದು ಫೋನ್. ಹೆಚ್ಚಿನ ಊರುಗಳಲ್ಲಿ ಸ್ಟೌವ್ ಕೂರಿಸಲು ಪರ್ಮಿಟ್ ಬೇಕು. ಗಾಳಿ ಪೈಪ್ ಸೇರಿಸಿದರೂ ಬೇಕೇ ಎಂದು ಕೇಳಿ. ಮನೆ ವಿಮೆ ಮಾಡಿದ ಕಂಪನಿಗೂ ತಿಳಿಸಿ. ಮುಂದೆ ಬೆಂಕಿ ಅನಾಹುತವೇನಾದರೂ ಆದರೆ ಅವರು ಮೊದಲು ಕೇಳುವುದೇ ಈ ಕಾಗದಗಳನ್ನು. ಕೆನಡಾದಲ್ಲಿರುವವರಿಗೆ ವಿಮಾ ಕಂಪನಿಗಳು ವೆಟ್ ಎಂಬ, ಸೌದೆ ಸ್ಟೌವ್‌ಗಳ ಸುರಕ್ಷತಾ ತಪಾಸಣೆಯ ವರದಿ ಕೇಳುವುದು ರೂಢಿ.

ಹಂತ 2: ಬಾಯಿಯನ್ನು ನೀವೇ ಅಳೆಯಿರಿ

ಕೈಪಿಡಿಯಲ್ಲಿ ಅಳತೆ ಇದ್ದರೂ ಅಂಗಡಿಗೆ ಹೋಗುವ ಮುಂಚೆ ಸ್ವತಃ ಅಳೆಯಿರಿ. ಸ್ಟೌವ್ ಪೂರ್ತಿ ಆರಿ, ಪ್ಲಗ್ ತೆಗೆದ ಮೇಲೆ.

ಇಲ್ಲಿನ ಸ್ಟೌವ್‌ಗಳ ಗಾಳಿ ಬಾಯಿ ಹೆಚ್ಚಾಗಿ 2 ಇಂಚಿನ ಆಸುಪಾಸು, ಕೆಲವಕ್ಕೆ 3 ಇಂಚು. ಯೂರೋಪಿನ ಮಾಡೆಲ್‌ಗಳಲ್ಲಿ 50 ಅಥವಾ 60 ಮಿಲಿಮೀಟರ್. 'ಆಸುಪಾಸು' ಎಂಬುದೇ ತಾಪತ್ರಯ. ಒಬ್ಬ ತಯಾರಕರದ್ದು 2 ಇಂಚಿಗೆ ಕೂದಲೆಳೆ ಕಡಿಮೆ, ಇನ್ನೊಬ್ಬರದ್ದು 2⅜ ಇಂಚು. ಎರಡನ್ನೂ ಬಾಯಿಮಾತಿನಲ್ಲಿ 'ಎರಡಿಂಚು' ಎನ್ನುತ್ತಾರೆ. ಒಂದಕ್ಕೆ ತಂದ ಪೈಪ್ ಇನ್ನೊಂದಕ್ಕೆ ಕೂರುವುದಿಲ್ಲ.

ವರ್ನಿಯರ್ ಕ್ಯಾಲಿಪರ್ ಇದ್ದರೆ ಬಾಯಿಯ ಹೊರ ಅಂಚಿನ ಅಡ್ಡಳತೆ ತೆಗೆಯಿರಿ. ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಬಾಯಿಯ ಸುತ್ತ ಬಿಗಿಯಾಗಿ ಸುತ್ತಿ, ಎರಡು ತುದಿ ಸೇರುವಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ ಸ್ಕೇಲಿನಲ್ಲಿ ಅಳೆದು 3.14ರಿಂದ ಭಾಗಿಸಿ. ಸುತ್ತಳತೆ 6¼ ಇಂಚು ಬಂದರೆ ಬಾಯಿ 2 ಇಂಚಿನದು. 7½ ಬಂದರೆ 2⅜ ಇಂಚಿನದು. ಬಾಯಿ ಎಷ್ಟು ಉದ್ದ ಹೊರಚಾಚಿದೆ, ಹಿಂದಿನ ಗೋಡೆಗೆ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂಬುದನ್ನೂ ಅದೇ ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ.

ಹಂತ 3: ದಾರಿ ಗೊತ್ತುಮಾಡಿ

ಹೆಚ್ಚಿನ ಮನೆಗಳಲ್ಲಿ ಸ್ಟೌವ್ ಹೊರಗೋಡೆಗೆ ಬೆನ್ನು ಮಾಡಿ ನಿಂತಿರುತ್ತದೆ. ಹಾಗಿದ್ದರೆ ಬಾಯಿಂದ ನೇರ ಗೋಡೆ ದಾಟಿ ಹೊರಗೆ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೂಲೆಯಲ್ಲಿದ್ದರೆ ಒಂದು ತಿರುವು ಬೇಕಾಗುತ್ತದೆ. ಎರಡಕ್ಕಿಂತ ಹೆಚ್ಚು ತಿರುವು ಬಂದರೆ ಸ್ಟೌವ್ ನಿಂತ ಜಾಗವನ್ನೇ ಸ್ವಲ್ಪ ಸರಿಸಲಾಗುತ್ತದೆಯೇ ನೋಡಿ.

ಗಾಳಿ ಎಳೆದುಕೊಳ್ಳುವ ತುದಿ ಬೆಂಕಿಬಟ್ಟಲಿಗಿಂತ ಮೇಲೆ ಇರಬಾರದು. ಅಟ್ಟದಿಂದ ಗಾಳಿ ಇಳಿಸುವ ಯೋಚನೆ ಬೇಡವೇ ಬೇಡ. ಕರೆಂಟು ಹೋಗಿ ಫ್ಯಾನ್ ನಿಂತರೆ ಬಿಸಿಗಾಳಿ ಮೇಲಕ್ಕೇ ಹೋಗುತ್ತದೆ. ಮೇಲೆ ತೆರೆದುಕೊಂಡ ಗಾಳಿ ಪೈಪ್ ಆಗ ಹೊಗೆ ಪೈಪ್ ಆಗಿಬಿಡುತ್ತದೆ. ಆ ಹೊಗೆ ಸೇರುವುದು ಮರದ ತೊಲೆಗಳಿರುವ ಅಟ್ಟಕ್ಕೆ. ಗ್ಯಾರೇಜಿನಿಂದಲೂ ಗಾಳಿ ತೆಗೆಯಬಾರದು, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ನೆಲಮಾಳಿಗೆಯ ಸ್ಟೌವ್ ನಿಜಕ್ಕೂ ಕಷ್ಟದ ಪ್ರಕರಣ. ಹೊರಗಿನ ನೆಲಮಟ್ಟ ಬೆಂಕಿಬಟ್ಟಲಿಗಿಂತ ಮೇಲಿರುವುದರಿಂದ ಪೈಪ್ ಏರಲೇಬೇಕಾಗುತ್ತದೆ. ಆ ಸ್ಟೌವ್‌ನ ಕೈಪಿಡಿ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡದೆ, ಸ್ಟೌವ್ ಕೂರಿಸುವವರಿಗೆ ಕೊಡುವ ಎನ್‌ಎಫ್‌ಐ ಪ್ರಮಾಣಪತ್ರವಿರುವ ಕೆಲಸಗಾರರನ್ನು ಕೇಳದೆ ಮುಂದುವರಿಯಬೇಡಿ.

ಸಾಧ್ಯವಾದರೆ ಗಾಳಿ ಬಾಯಿಯೂ ಹೊಗೆ ಬಾಯಿಯೂ ಮನೆಯ ಒಂದೇ ಗೋಡೆಯಲ್ಲಿರಲಿ. ಬಿರುಗಾಳಿ ಬೀಸಿದಾಗ ಎರಡರ ಮೇಲೂ ಒಂದೇ ಒತ್ತಡ ಬೀಳುತ್ತದೆ. ಎದುರುಬದುರು ಗೋಡೆಗಳಲ್ಲಿದ್ದರೆ ಒಂದನ್ನು ಗಾಳಿ ತಳ್ಳುತ್ತದೆ, ಇನ್ನೊಂದನ್ನು ಎಳೆಯುತ್ತದೆ, ಜ್ವಾಲೆ ತಡವರಿಸುತ್ತದೆ. ಒಂದೇ ಗೋಡೆ ಎಂದರೆ ಪಕ್ಕಪಕ್ಕ ಎಂದಲ್ಲ. ಹೊಗೆಯನ್ನೇ ಮತ್ತೆ ಒಳಗೆಳೆಯದಷ್ಟು ಅಂತರ ಬೇಕು. ಆ ಅಂತರವನ್ನು ಕೈಪಿಡಿಯಲ್ಲಿ ಇಂಚಿನ ಲೆಕ್ಕದಲ್ಲೇ ಕೊಟ್ಟಿರುತ್ತಾರೆ. ಗಾಳಿ ಬಾಯಿ ಕೆಳಗೆ, ಹೊಗೆ ಬಾಯಿ ಮೇಲೆ.

ಹಂತ 4: ಯಾವ ಪೈಪ್

ಲೋಹದ್ದೇ ಆಗಬೇಕು. ಒಳಗೆ ಹೋಗುವುದು ತಣ್ಣನೆ ಗಾಳಿ ತಾನೆ, ಪಿವಿಸಿ ಹಾಕಿದರೇನು ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಪಿವಿಸಿ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕೂಡಿಸುವುದೂ ಸುಲಭ. ಆದರೆ ಮೇಲೆ ಹೇಳಿದಂತೆ ಫ್ಯಾನ್ ನಿಂತ ಗಳಿಗೆಯಲ್ಲಿ ಬಿಸಿಗಾಳಿಯೋ ಕೆಂಡದ ಚೂರೋ ಹಿಂದಕ್ಕೆ ಬರುವ ಸಂಭವ ಇದ್ದೇ ಇದೆ. ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬಿಡುತ್ತದೆ. ಡ್ರೈಯರ್‌ಗೆ ಹಾಕುವ ಬಿಳಿ ಪ್ಲಾಸ್ಟಿಕ್ ಸುರುಳಿ ಪೈಪ್, ಬೆಳ್ಳಿ ಕಾಗದದಂಥ ತೆಳು ಫಾಯಿಲ್ ಪೈಪ್ ಇವೆರಡೂ ಇದೇ ಕಾರಣಕ್ಕೆ ಬೇಡ.

ಒಪ್ಪುವ ಪೈಪ್‌ಗಳು ಇವು: ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಬಗ್ಗುವ ಪೈಪ್, ತಗಡಿನ ಡಕ್ಟ್ ಪೈಪ್, ಉಕ್ಕಿನ ಗಟ್ಟಿ ಪೈಪ್. ಹೊಗೆಗೆ ಹಾಕುವ ಎರಡು ಪದರದ ಪೆಲೆಟ್ ವೆಂಟ್ ಪೈಪನ್ನೇ ಗಾಳಿಗೂ ಹಾಕಿದರೆ ತಪ್ಪೇನಿಲ್ಲ, ಸುಮ್ಮನೆ ದುಡ್ಡು ದಂಡ.

ಅಳತೆಯ ನಿಯಮ ಒಂದೇ: ಸ್ಟೌವ್‌ನ ಬಾಯಿಗಿಂತ ಪೈಪ್ ಎಲ್ಲೂ ಕಿರಿದಾಗಬಾರದು. ದೊಡ್ಡದಾದರೆ ಒಳ್ಳೆಯದೇ. ಒಂದೂವರೆ ಇಂಚಿನ ಪೈಪ್‌ನ ದಾರಿ 1.8 ಚದರ ಇಂಚು, 2 ಇಂಚಿನದು 3.1, 3 ಇಂಚಿನದು 7.1. ಅರ್ಧ ಇಂಚು ಕಡಿಮೆಯಾದರೆ ದಾರಿ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ, ಒಂದಿಂಚು ಹೆಚ್ಚಾದರೆ ಎರಡು ಪಟ್ಟಿಗೂ ಮೀರುತ್ತದೆ. ಸುರುಳಿ ಪೈಪ್‌ನ ಒಳಮೈ ಏರಿಳಿತದ್ದಾದ್ದರಿಂದ ಗಾಳಿಗೆ ತಡೆ ಹೆಚ್ಚು. ಐದಾರು ಅಡಿ ದಾಟುವುದಾದರೆ, ಇಲ್ಲವೇ ತಿರುವುಗಳಿದ್ದರೆ, 2 ಇಂಚಿನ ಬಾಯಿಗೂ 3 ಇಂಚಿನ ಪೈಪ್ ಎಳೆದು ಸ್ಟೌವ್ ಹತ್ತಿರ ಮಾತ್ರ ರೆಡ್ಯೂಸರ್ ಹಾಕಿ ಕಿರಿದು ಮಾಡುವುದು ನನಗೆ ಸರಿಯೆನಿಸುತ್ತದೆ.

ಹಂತ 5: ಎಲ್ಲಿ ಹುಡುಕುವುದು

ಹೋಮ್ ಡಿಪೋ, ಲೋಸ್‌ನಂಥ ದೊಡ್ಡ ಅಂಗಡಿಗಳ ಡಕ್ಟ್ ಸಾಲಿನಲ್ಲಿ 4 ಇಂಚು, 6 ಇಂಚಿನದು ರಾಶಿ ಇರುತ್ತದೆ. ಡ್ರೈಯರ್‌ಗೂ ಹವಾನಿಯಂತ್ರಣಕ್ಕೂ ಬೇಕಾದದ್ದು ಅದು. 3 ಇಂಚಿನದು ಕೆಲವು ಕಡೆ ಸಿಗುತ್ತದೆ. 2 ಇಂಚಿನ ಲೋಹದ ಬಗ್ಗುವ ಪೈಪ್ ಅಲ್ಲಿ ಸಿಗುವುದು ಅಪರೂಪ. ಅಲ್ಲಿ ಇಲ್ಲ ಎಂದರೆ ಎಲ್ಲೂ ಇಲ್ಲ ಎಂದುಕೊಳ್ಳಬೇಡಿ.

ಮೊದಲ ಬಾಗಿಲು, ನಿಮ್ಮ ಸ್ಟೌವ್ ತಯಾರಕರ ಕಿಟ್. ಪಾರ್ಟ್ ನಂಬರ್ ಕೊಟ್ಟರೆ ಸ್ಟೌವ್ ಡೀಲರು ತರಿಸಿಕೊಡುತ್ತಾರೆ. ಪೈಪ್, ಗೋಡೆಯ ಉಂಗುರ, ಹೊರಬಾಯಿ, ಕ್ಲ್ಯಾಂಪ್ ಎಲ್ಲ ಅದರಲ್ಲೇ ಇರುತ್ತದೆ. ಬಿಡಿ ಸಾಮಾನಿಗಿಂತ ದುಬಾರಿ ನಿಜ. ಹೊಸಬರಿಗೆ, ಅದರಲ್ಲೂ ಪರ್ಮಿಟ್ ತಪಾಸಣೆ ಇರುವವರಿಗೆ, ಕೊಟ್ಟ ಹೆಚ್ಚಿನ ಹಣಕ್ಕೆ ತಕ್ಕ ನೆಮ್ಮದಿ ಸಿಗುತ್ತದೆ. ಡ್ಯುರಾವೆಂಟ್, ಸೆಲ್ಕರ್ಕ್‌ನಂಥ ಹೊಗೆ ಪೈಪ್ ಕಂಪನಿಗಳೂ ಗಾಳಿ ಕಿಟ್ ಮಾಡುತ್ತವೆ. ಒಂದೇ ತೂತಿನಲ್ಲಿ ಒಳಗಡೆ ಹೊಗೆ ಪೈಪ್, ಅದರ ಸುತ್ತ ಗಾಳಿ ದಾರಿ ಇರುವ ಜೋಡಿ ಪೈಪ್‌ಗಳೂ ಇವೆ. ಸ್ಟೌವನ್ನು ಹೊಸದಾಗಿ ಕೂರಿಸುವವರು ಅದನ್ನು ವಿಚಾರಿಸಬಹುದು. ಹೊಗೆ ಪೈಪ್ ಈಗಾಗಲೇ ಇರುವವರಿಗೆ ಅದು ಬೇಡ.

ಎರಡನೆಯದು, ಬಹಳ ಜನರಿಗೆ ಹೊಳೆಯದ ಜಾಗ: ಕಾರಿನ ಬಿಡಿಭಾಗಗಳ ಅಂಗಡಿ. ನಾಪಾ, ಆಟೋಜೋನ್, ಓರೈಲಿ ಅಂಗಡಿಗಳಲ್ಲಿ ಸೈಲೆನ್ಸರ್‌ಗೆ ಹಾಕುವ ಬಗ್ಗುವ ಉಕ್ಕಿನ ಪೈಪ್ ಇರುತ್ತದೆ. 1¾, 2, 2¼, 2½ ಇಂಚು ಹೀಗೆ ಕಾಲುಕಾಲು ಇಂಚಿನ ಅಂತರದಲ್ಲಿ ಸಿಗುವುದರಿಂದ ನಿಮ್ಮ ಬಾಯಿಗೆ ಹತ್ತಿರದ್ದನ್ನು ಆರಿಸಬಹುದು. ಸ್ಟೌವ್ ಬಾಯಿಯ ಮೇಲೆ ಪೈಪ್ ಜಾರಿಕೊಂಡು ಕೂರಬೇಕು. ಆದ್ದರಿಂದ ನೋಡಬೇಕಾದದ್ದು ಪೈಪ್‌ನ ಒಳ ಅಡ್ಡಳತೆ. ಬಗ್ಗುವ ಸೈಲೆನ್ಸರ್ ಪೈಪನ್ನು ಸಾಮಾನ್ಯವಾಗಿ ಒಳ ಅಳತೆಯಿಂದ, ನೇರ ಪೈಪನ್ನು ಹೊರ ಅಳತೆಯಿಂದ ಕರೆಯುತ್ತಾರೆ. ನಲ್ಲಿ ಕೆಲಸದ ಪೈಪ್‌ನ ಲೆಕ್ಕ ಇನ್ನೂ ಬೇರೆ. ಅಲ್ಲಿ '2 ಇಂಚು' ಎಂದು ಕರೆಯುವ ಪೈಪ್‌ನ ಹೊರ ಅಡ್ಡಳತೆ 2⅜ ಇಂಚು. ಹೆಸರು ನಂಬಿ ಕೊಳ್ಳಬೇಡಿ. ಜೇಬಿನಲ್ಲಿರುವ ಕಾಗದದ ಪಟ್ಟಿ ತೆಗೆದು ಅಲ್ಲೇ ಸುತ್ತಿ ನೋಡಿ.

ಈ ಪೈಪ್‌ನಲ್ಲಿ ಎರಡು ಕೊರತೆ ಇವೆ. ತಯಾರಿಕೆಯ ಎಣ್ಣೆ ಮೆತ್ತಿರುತ್ತದೆ, ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಪಟ್ಟಿ ಪಟ್ಟಿ ಕೊಂಡಿಯಂತೆ ಹೆಣೆದದ್ದರಿಂದ ಮೈಯೆಲ್ಲ ಸಣ್ಣಗೆ ಗಾಳಿ ಸೋರುತ್ತದೆ. ಹೊರಗಿಂದ ಅಲ್ಯೂಮಿನಿಯಂ ಟೇಪ್ ಸುತ್ತಿದರೆ ಸರಿಹೋಗುತ್ತದೆ. ತಯಾರಕರ ಕಿಟ್ ಅಲ್ಲದ ಯಾವುದನ್ನೇ ಹಾಕುವ ಮುಂಚೆ ತಪಾಸಣೆಗೆ ಬರುವವರು ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಿ.

ಮೂರನೆಯದು ಊರಿನ ತಗಡು ಕೆಲಸದವರು. ಮನೆಗಳಿಗೆ ಡಕ್ಟ್ ಹಾಕುವ ಅಂಗಡಿಯವರು 3ರಿಂದ 2 ಇಂಚಿಗೆ ಇಳಿಯುವ ರೆಡ್ಯೂಸರನ್ನು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. 3 ಇಂಚಿನ ಅಲ್ಯೂಮಿನಿಯಂ ಪೈಪ್ ಸುಲಭವಾಗಿ ಸಿಕ್ಕುವ ಕಡೆ ಇದು ಅಗ್ಗದ ದಾರಿ.

ಪೈಪ್ ಜೊತೆಗೆ ತರಬೇಕಾದ್ದು: ಅಳತೆಗೆ ತಕ್ಕ ಎರಡು ಹೋಸ್ ಕ್ಲ್ಯಾಂಪ್, ಯುಎಲ್ 181 ಎಂದು ಅಚ್ಚಾಗಿರುವ ಅಲ್ಯೂಮಿನಿಯಂ ಫಾಯಿಲ್ ಟೇಪ್, ಹೊರಾಂಗಣ ಸಿಲಿಕೋನ್, ಕಾಲು ಇಂಚಿನ ಕಣ್ಣಿನ ತಂತಿ ಜಾಲರಿ, ಪೈಪ್ ಸುತ್ತಲು ಫೈಬರ್‌ಗ್ಲಾಸ್ ನಿರೋಧಕ. ಬಟ್ಟೆಯಂಥ ಬೂದು ಬಣ್ಣದ ಡಕ್ಟ್ ಟೇಪ್ ಬೇಡ. ವರ್ಷ ಕಳೆಯುವಷ್ಟರಲ್ಲಿ ಗೋಂದು ಒಣಗಿ ಬಿಚ್ಚಿಕೊಳ್ಳುತ್ತದೆ.

ಹಂತ 6: ಹೊರಬಾಯಿ

ಅಗ್ಗವೆಂದು ಡ್ರೈಯರ್‌ನ ಹೊರಬಾಯಿ ತಂದು ಹಾಕುವವರು ಬಹಳ. ಅದನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೊಂದು ರೆಪ್ಪೆ ನೇತಾಡುತ್ತದೆ. ಡ್ರೈಯರ್ ಗಾಳಿ ಹೊರಗೆ ತಳ್ಳಿದಾಗ ತೆರೆದುಕೊಳ್ಳಲಿ, ನಿಂತಾಗ ಮುಚ್ಚಲಿ ಎಂದು ಮಾಡಿದ ರೆಪ್ಪೆ ಅದು. ನಮ್ಮ ಪೈಪ್‌ನಲ್ಲಿ ಗಾಳಿ ಹೋಗುವುದು ಒಳಕ್ಕೆ. ಸ್ಟೌವ್ ಎಳೆದಷ್ಟೂ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಒಳಗೆ ಜ್ವಾಲೆ ಮಂಕಾಗುತ್ತಲೇ ಇರುತ್ತದೆ. ಅಂಥದ್ದನ್ನೇ ಬಳಸಬೇಕೆಂದಿದ್ದರೆ ರೆಪ್ಪೆಯನ್ನು ಕಿತ್ತು, ಬಾಯಿಗೆ ಜಾಲರಿ ಹಾಕಿ. ಅದೂ ಲೋಹದ್ದಾಗಿರಬೇಕು.

ಜಾಲರಿಯ ಕಣ್ಣು ಕಾಲು ಇಂಚು. ಅದಕ್ಕಿಂತ ದೊಡ್ಡದಾದರೆ ಇಲಿ ನುಸುಳುತ್ತದೆ. ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಎಲೆಯ ಪುಡಿ, ಡ್ರೈಯರ್‌ನ ನಾರು, ಮಂಜಿನ ಹರಳು ಕಟ್ಟಿ ಮುಚ್ಚಿಹೋಗುತ್ತದೆ. ಕಾಲು ಇಂಚಿನ ಜಾಲರಿಯಲ್ಲೂ ತಂತಿಗಳೇ ಸುಮಾರು ಐದನೇ ಒಂದು ಭಾಗದಷ್ಟು ದಾರಿ ತಿನ್ನುತ್ತವೆ. ಹಾಗಾಗಿ 2 ಇಂಚಿನ ಪೈಪ್‌ಗೂ 3 ಇಂಚಿನ ಹೊರಬಾಯಿ ಇಡುವುದು ಜಾಣತನ. ಬಾಯಿ ಕೆಳಮುಖವಾಗಿರಲಿ, ಮಳೆ ಹಿಮ ನೇರ ಬೀಳದಂತೆ.

ಎತ್ತರದ ವಿಷಯದಲ್ಲಿ ನಿಮ್ಮ ಊರಿನ ಹಿಮವನ್ನೇ ನೋಡಿ. ನೆಲದಿಂದ ಒಂದು ಅಡಿ ಎಂಬುದು ಕನಿಷ್ಠ. ಮಾಡಿನಿಂದ ಹಿಮ ಜಾರಿ ರಾಶಿ ಬೀಳುವ ಜಾಗ, ಡ್ರೈವ್‌ವೇಯ ಹಿಮ ಗುಡಿಸಿ ಒಟ್ಟುವ ಜಾಗ ಇವುಗಳನ್ನು ಬಿಟ್ಟು ಬೇರೆಡೆ ಇಡಿ. ಬೆಂಕಿಬಟ್ಟಲಿಗಿಂತ ಕೆಳಗಿರಬೇಕು, ಹಿಮಕ್ಕಿಂತ ಮೇಲಿರಬೇಕು. ಈ ಎರಡರ ನಡುವೆ ಸಿಗುವ ಜಾಗ ಕೆಲವೇ ಇಂಚು ಇದ್ದರೂ ಅದನ್ನೇ ಹುಡುಕಿ.

ಹಂತ 7: ಗೋಡೆ ಕೊರೆದು ಜೋಡಿಸುವುದು

ಇಲ್ಲಿನ ಗೋಡೆಗಳ ಮರದ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಂತಿರುತ್ತವೆ. ಸ್ಟಡ್ ಫೈಂಡರ್‌ನಿಂದ ಅವನ್ನು ಗುರುತಿಸಿ, ನಡುವಿನ ಖಾಲಿ ಜಾಗದಲ್ಲಿ ತೂತು ಬರುವಂತೆ ನೋಡಿಕೊಳ್ಳಿ. ಆ ಭಾಗದ ವಿದ್ಯುತ್ ಬ್ರೇಕರ್ ಇಳಿಸಿ. ಮೊದಲು ತೆಳು ಡ್ರಿಲ್ಲಿನಿಂದ ಒಳಗಿಂದ ಹೊರಗೆ ಒಂದು ತೂತು ಹೊಡೆದು, ಹೊರಗೆ ಎಲ್ಲಿ ಬಂತೆಂದು ನೋಡಿ ಬಂದು ಆಮೇಲೆ ಹೋಲ್ ಸಾ ಹಿಡಿಯಿರಿ. ತೂತು ಹೊರಗಡೆಗೆ ತುಸು ಇಳಿಜಾರಿರಲಿ. ನುಗ್ಗಿದ ನೀರು ಗೋಡೆಯೊಳಗೆ ಸೇರದೆ ಹೊರಗೇ ಹರಿಯುತ್ತದೆ.

ತಗಡಿನ ಡಕ್ಟ್ ಪೈಪ್‌ನ ಒಂದು ತುದಿ ನೆರಿಗೆ ಹಿಡಿದು ಕಿರಿದಾಗಿರುತ್ತದೆ. ಆ ನೆರಿಗೆ ತುದಿ ಹೊರಗಡೆಗೆ ಮುಖ ಮಾಡಿರಲಿ. ಇಳಿಜಾರಿನಲ್ಲಿ ಬರುವ ನೀರು ಆಗ ಜೋಡಣೆಯ ಸಂದಿಗೆ ಇಳಿಯುವುದಿಲ್ಲ. ಸ್ಟೌವ್ ಬಾಯಿಗೆ ಪೈಪ್ ಹಾಕಿ ಕ್ಲ್ಯಾಂಪ್ ಬಿಗಿದು ಟೇಪ್ ಸುತ್ತಿ. ಗೋಡೆಯ ತೂತಿನ ಸುತ್ತ ಒಳಗೂ ಹೊರಗೂ ಸಿಲಿಕೋನ್ ತುಂಬಿ. ಶುಚಿ ಮಾಡಲು ಸ್ಟೌವನ್ನು ಮುಂದಕ್ಕೆಳೆಯಬೇಕಾಗುತ್ತದೆ, ಅದಕ್ಕೆ ಬೇಕಾದಷ್ಟು ಬಗ್ಗುವ ಪೈಪ್ ಉಳಿಸಿಕೊಳ್ಳಿ. ಹಾಗೆಂದು ಸುರುಳಿ ಸುತ್ತಿ ಹಿಂದೆ ತುರುಕಬೇಡಿ.

ಕೊನೆಗೆ ಮನೆಯೊಳಗಿನ ಪೈಪ್‌ಗೆ ಫೈಬರ್‌ಗ್ಲಾಸ್ ಸುತ್ತಿ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿರುವ ರಾತ್ರಿ ಆ ಪೈಪ್‌ನ ಮೈ ಹಿಮದಷ್ಟೇ ತಣ್ಣಗಿರುತ್ತದೆ. ಅನ್ನ, ಸಾರು ಕುದಿಯುವ ಮನೆಯ ತೇವದ ಗಾಳಿ ಅದಕ್ಕೆ ತಾಗಿದರೆ ಬೆವರಿ ಹನಿಯುತ್ತದೆ. ನೆಲದ ಮರ ಕಪ್ಪಾಗುವುದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಹಂತ 8: ಊದುಬತ್ತಿ ಪರೀಕ್ಷೆ

ಸ್ಟೌವ್ ಹಚ್ಚಿ, ಜ್ವಾಲೆ ನೆಲೆಗೊಂಡ ಮೇಲೆ ದೇವರ ಮನೆಯ ಊದುಬತ್ತಿಯೊಂದನ್ನು ಹೊತ್ತಿಸಿ ಗಾಳಿ ಪೈಪ್‌ನ ಪ್ರತಿ ಜೋಡಣೆಯ ಹತ್ತಿರ ಹಿಡಿಯಿರಿ. ನಿರೋಧಕ ಸುತ್ತುವ ಮುಂಚೆಯೇ ಒಮ್ಮೆ ಹೀಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಹೊಗೆಯ ಎಳೆ ನೆಟ್ಟಗೆ ಮೇಲೆ ಹೋದರೆ ಸರಿ. ಜೋಡಣೆಯ ಕಡೆಗೆ ಬಾಗಿ ಒಳನುಗ್ಗಿದರೆ ಅಲ್ಲಿ ಸೋರಿಕೆ ಇದೆ, ಟೇಪ್ ಮತ್ತೆ ಸುತ್ತಿ. ಈ ಸೋರಿಕೆಯಿಂದ ಅಪಾಯವಿಲ್ಲ, ಕೋಣೆಯ ಗಾಳಿ ಪೋಲಾಗುತ್ತದೆ ಅಷ್ಟೆ. ಹೊಗೆ ಪೈಪ್‌ನ ಸೋರಿಕೆ ಹಾಗಲ್ಲ. ಅಲ್ಲಿ ವಾಸನೆಯೋ ಮಸಿಯ ಗೆರೆಯೋ ಕಂಡರೆ ಸ್ಟೌವ್ ನಿಲ್ಲಿಸಿ ತಕ್ಷಣ ಸರಿಪಡಿಸಿ.

ಬಾಗಿಲ ಗ್ಯಾಸ್ಕೆಟ್ ಸವೆದಿದ್ದರೆ ಇಷ್ಟು ಮಾಡಿದ್ದೂ ವ್ಯರ್ಥ. ತಣ್ಣಗಿರುವಾಗ ಒಂದು ಡಾಲರ್ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ.

ಎಲ್ಲ ಸರಿಯಾದ ಮೇಲೆ ಅಡುಗೆಮನೆಯ ಹುಡ್, ಡ್ರೈಯರ್, ಬಾತ್‌ರೂಮ್ ಫ್ಯಾನ್ ಮೂರನ್ನೂ ಒಟ್ಟಿಗೆ ಹಾಕಿ ಜ್ವಾಲೆಯನ್ನು ನೋಡುತ್ತಾ ಕೂರಿ. ಬದಲಾಗದೆ ಉರಿದರೆ ನಿಮ್ಮ ಕೆಲಸ ಗೆದ್ದಿತು.

ಆಮೇಲಿನ ನಿಗಾ ಹೆಚ್ಚೇನಿಲ್ಲ. ಬೇಸಿಗೆಯಲ್ಲಿ ಕಣಜದ ಹುಳು, ಜೇಡ ಗೂಡು ಕಟ್ಟುತ್ತವೆ. ಸ್ಟೌವ್ ಹಚ್ಚುವ ಕಾಲಕ್ಕೆ ಮುಂಚೆ ಜಾಲರಿ ಬಿಚ್ಚಿ ಟಾರ್ಚ್ ಹಾಕಿ ನೋಡಿ. ದೊಡ್ಡ ಹಿಮ ಬಿದ್ದ ಪ್ರತಿ ಸಲ ಹೊರಬಾಯಿ ಕಾಣುತ್ತಿದೆಯೇ ನೋಡಿ, ಸಲಿಕೆಯಲ್ಲಿ ಬಿಡಿಸಿ.

ಊರಿಂದ ಅಪ್ಪ ಅಮ್ಮ ಬಂದು ಚಳಿಗಾಲವೆಲ್ಲ ಸ್ಟೌವ್ ಇರುವ ಕೋಣೆಯಲ್ಲೇ ಕೂರುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಆ ಕೋಣೆಗೊಂದು, ಮಲಗುವ ಕೋಣೆಗಳ ಹತ್ತಿರ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲದೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕೆಂದು ಹಿರಿಯರಿಗೂ ಮಕ್ಕಳಿಗೂ ಕನ್ನಡದಲ್ಲೇ ಹೇಳಿಕೊಡಿ. ಪೈಪ್ ಹುಡುಕಾಟವನ್ನು ಆಗಸ್ಟ್ ಸೆಪ್ಟೆಂಬರ್‌ನಲ್ಲೇ ಮುಗಿಸಿ. ಮೊದಲ ಹಿಮ ಬೀಳುವ ಹೊತ್ತಿಗೆ ಡೀಲರ ಹತ್ತಿರ ಕಿಟ್ ಖಾಲಿಯಾಗಿರುತ್ತದೆ, ಗೋಡೆಗೆ ಹಚ್ಚಿದ ಸಿಲಿಕೋನ್ ಆ ಚಳಿಯಲ್ಲಿ ಗಟ್ಟಿಯಾಗುವುದೂ ನಿಧಾನ.